ಓದುಗರ ಪ್ರಶ್ನೆ: ಸಮಯ ನೋಡಿ ದ್ವೀಪ ಕೇಳಿದ ರಾಯಭಾರಿ

ಪ್ರಶ್ನೆ: ಸರ್, ನನ್ನ ಮಗಳು ಬಳ್ಳಾರಿಯಲ್ಲಿ ರೂಮು ಮಾಡಿಕೊಂಡು ಕೆಎಎಸ್‌ಗೆ ಓದುತ್ತಿದ್ದಾಳೆ. ನಾರ್ವೆಗೆ ಉತ್ತರ ಧ್ರುವದ ಹತ್ತಿರದ ದ್ವೀಪಗಳು ಸಿಕ್ಕ ಸ್ವಾಲ್ಬಾರ್ಡ್ ಒಪ್ಪಂದದ ನೋಟ್ಸಿನಲ್ಲಿ ವೆಡೆಲ್ ಯಾರ್ಲ್ಸ್‌ಬರ್ಗ್ ಅಂತ ಒಂದು ಹೆಸರು ಬಂತು. ಯಾರೀತ? ಯುದ್ಧ ಮಾಡದೆ ದೇಶಕ್ಕೆ ಅಷ್ಟು ದೊಡ್ಡ ಜಾಗ ತಂದುಕೊಟ್ಟದ್ದು ಹೇಗೆ?
(ಸಂಡೂರಿನ ಓದುಗರು)

ಉತ್ತರ: ಪೂರ್ತಿ ಹೆಸರು ಫ್ರಿಟ್ಸ್ ವೆಡೆಲ್ ಯಾರ್ಲ್ಸ್‌ಬರ್ಗ್. 1855ರಲ್ಲಿ ಹುಟ್ಟಿದ, ದೊಡ್ಡ ಮನೆತನದ ನಾರ್ವೆಯವನು. ಆಗ ನಾರ್ವೆ, ಸ್ವೀಡನ್ ಎರಡಕ್ಕೂ ಒಬ್ಬನೇ ರಾಜ. ವಿದೇಶಾಂಗ ವ್ಯವಹಾರವೆಲ್ಲ ಸ್ವೀಡನ್ ಕೈಯಲ್ಲಿ. ಹಾಗಾಗಿ ಈತನೂ ಮೊದಲು ಆ ಜಂಟಿ ಸೇವೆಯಲ್ಲೇ ಇದ್ದ. ನಾರ್ವೆಯವರಿಗೆ ಹಡಗಿನ ವ್ಯಾಪಾರ ಜಾಸ್ತಿ, ಹೊರದೇಶದ ಬಂದರುಗಳಲ್ಲಿ ತಮ್ಮದೇ ಕಾನ್ಸುಲ್‌ಗಳು (ಅಲ್ಲಿ ತಮ್ಮ ಜನರ, ವ್ಯಾಪಾರದ ಕೆಲಸ ನೋಡಿಕೊಳ್ಳುವ ಅಧಿಕಾರಿಗಳು) ಬೇಕು ಎಂದು ನಾರ್ವೆಯ ಪಾರ್ಲಿಮೆಂಟು ಕಾಯ್ದೆ ಮಾಡಿತು, ರಾಜ ಸಹಿ ಹಾಕಲಿಲ್ಲ, ಜಗಳ ಬೆಳೆದು 1905ರ ಜೂನ್ 7ರಂದು ಸಂಬಂಧವೇ ಕಡಿದುಹೋಯಿತು.

ಬೇರೆಯಾದ ಮೇಲೆ ಹೊಸ ರಾಜ ಬೇಕಲ್ವಾ? ಡೆನ್ಮಾರ್ಕಿನ ರಾಜಕುಮಾರ ಕಾರ್ಲ್‌ನನ್ನು ಒಪ್ಪಿಸಲು ಕೋಪನ್‌ಹೇಗನ್‌ನಲ್ಲಿ ಓಡಾಡಿದವನು ಈ ವೆಡೆಲ್. ಕಾರ್ಲ್‌ನ ಹೆಂಡತಿ ಇಂಗ್ಲೆಂಡ್ ರಾಜನ ಮಗಳು, ಆ ಲೆಕ್ಕಾಚಾರವೂ ಇತ್ತು. ಇವನಿಗೆ ಅವಸರ. ಕಾರ್ಲ್ ಮಾತ್ರ ಮೊದಲು ಜನರ ವೋಟು ಆಗಲಿ ಎಂದು ಪಟ್ಟು ಹಿಡಿದ. ನವೆಂಬರ್‌ನಲ್ಲಿ ವೋಟು ನಡೆದು 2,59,563 ಜನ ಹೂಂ ಎಂದರು, 69,264 ಜನ ಬೇಡ ಎಂದರು. ಕಾರ್ಲ್ ಏಳನೇ ಹಾಕೊನ್ ಎಂಬ ಹೆಸರಲ್ಲಿ ರಾಜನಾದ. ವೆಡೆಲ್ 1906ರಿಂದ 1930ರವರೆಗೆ ಪ್ಯಾರಿಸ್‌ನಲ್ಲಿ ರಾಯಭಾರಿ. ನಮ್ಮ ಕಡೆ ಡಿಸಿ ಒಂದೇ ಜಿಲ್ಲೆಯಲ್ಲಿ ಎರಡು ವರ್ಷ ಉಳಿದರೆ ಹೆಚ್ಚು!

ಅಷ್ಟು ವರ್ಷ ಅಲ್ಲೇ ಕೂತದ್ದು ಕೆಲಸಕ್ಕೆ ಬಂತು. ಉತ್ತರ ಧ್ರುವದ ಹತ್ತಿರದ ಸ್ವಾಲ್ಬಾರ್ಡ್ ಆಗ ಯಾರ ದೇಶವೂ ಅಲ್ಲ. ಆದರೆ ಕಲ್ಲಿದ್ದಲು ಇತ್ತು. ಅಮೆರಿಕದ ಲಾಂಗ್‌ಇಯರ್ ಎಂಬಾತ 1906ರಲ್ಲಿ ಅಲ್ಲಿ ಗಣಿ ಕಂಪನಿ ಶುರು ಮಾಡಿದ್ದ. ಯಾರದೂ ಅಲ್ಲದ ನೆಲದಲ್ಲಿ ಗಣಿ ಬೌಂಡರಿ ತಕರಾರು ಬಂದರೆ ಯಾವ ಕೋರ್ಟಿಗೆ ಹೋಗುವುದು? ಸಂಡೂರಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. 1910, 1912, 1914ರಲ್ಲಿ ಸಭೆಗಳಾದವು, ಏನೂ ತೀರ್ಮಾನ ಆಗಲಿಲ್ಲ, ಅಷ್ಟರಲ್ಲಿ ಮಹಾಯುದ್ಧ.

ಯುದ್ಧದಲ್ಲಿ ನಾರ್ವೆ ತಟಸ್ಥ. ಆದರೂ ಅದರ ಸರಕು ಹಡಗುಗಳು ಬ್ರಿಟನ್ ಕಡೆಗೆ ದುಡಿದು, ಜರ್ಮನ್ ಸಬ್‌ಮರೀನ್‌ಗಳಿಗೆ ಸಿಕ್ಕಿ ಮುಳುಗಿದವು. ಸುಮಾರು 2,000 ನಾವಿಕರು ಸತ್ತರು. 1919ರಲ್ಲಿ ಶಾಂತಿ ಸಭೆ ಪ್ಯಾರಿಸ್‌ನಲ್ಲೇ. ಸೋತ ಜರ್ಮನಿಗೆ ಮಾತಿಲ್ಲ, ರಷ್ಯಾ ಒಳಜಗಳದಲ್ಲಿ ಬೆಂದು ಸಭೆಗೇ ಬಂದಿಲ್ಲ, ಗೆದ್ದವರಿಗೋ ನಾರ್ವೆಯ ಹಡಗುಗಳ ಋಣ. ಏಪ್ರಿಲ್‌ನಲ್ಲಿ ವೆಡೆಲ್, ಸ್ವಾಲ್ಬಾರ್ಡ್ ನಾರ್ವೆಗೆ ಕೊಡಿ ಎಂದು ಅರ್ಜಿ ಕೊಟ್ಟೇಬಿಟ್ಟ. ಐದು ವರ್ಷ ಮೊದಲು ಕೇಳಿದ್ದರೆ ಸಿಗುತ್ತಿರಲಿಲ್ಲ, ತಡಮಾಡಿದ್ದರೂ ಕಷ್ಟವಿತ್ತು. ಅವನ ಜಾಣತನ ಇದ್ದದ್ದು ಇಲ್ಲೇ ಅಂತ ನನಗನಿಸುತ್ತದೆ. 1920ರ ಫೆಬ್ರವರಿ 9ರಂದು ಒಪ್ಪಂದಕ್ಕೆ ಸಹಿ ಆಯಿತು, 1925ರ ಆಗಸ್ಟ್ 14ರಿಂದ ಜಾರಿಗೆ ಬಂತು.

ಪುಕ್ಕಟೆ ಅಲ್ಲ ಮತ್ತೆ. ಯಜಮಾನಿಕೆ ನಾರ್ವೆಯದು, ಆದರೆ ಸಹಿ ಹಾಕಿದ ದೇಶದವರೆಲ್ಲ ಅಲ್ಲಿ ಗಣಿ ಮಾಡಬಹುದು, ಮೀನು ಹಿಡಿಯಬಹುದು. ಯುದ್ಧದ ಕೆಲಸಕ್ಕೆ ಆ ನೆಲ ಬಳಸುವಂತಿಲ್ಲ. ಖನಿಜ ರಫ್ತಿನ ಸುಂಕ 1,00,000 ಟನ್ ತನಕ ಶೇ. 1 ಮೀರಬಾರದು, ಆಮೇಲೆ ಇನ್ನೂ ಕಡಿಮೆ. ಅಲ್ಲಿ ಎತ್ತಿದ ತೆರಿಗೆ ಅಲ್ಲಿಗೇ ಖರ್ಚಾಗಬೇಕು. ಗಣಿ ದುಡ್ಡು ಗಣಿ ಇರುವ ಊರಿಗೇ ಬರಲಿ ಎಂದು ನಮ್ಮ ಕಡೆ ಇನ್ನೂ ಕೇಳುತ್ತಲೇ ಇದ್ದೇವೆ, ಅಲ್ವಾ?

ಪ್ರಶ್ನೆ: ಈ ವೆಡೆಲ್ ಮನೆಯನ್ನು ಅಲ್ಲಿನ ಯುವರಾಜ ಕೊಂಡುಕೊಂಡನಂತೆ, ಹೌದಾ?
(ಕೊಪ್ಪಳದ ಓದುಗರು)

ಉತ್ತರ: ಹೌದು. ಓಸ್ಲೋ ಹತ್ತಿರ ಸ್ಕಾವ್ಗುಮ್ ಎಂಬ ಎಸ್ಟೇಟು. 1905ರಲ್ಲಿ ಕಾರ್ಲ್ ಜೊತೆ ಬಂದ ಎರಡು ವರ್ಷದ ಮಗು ಬೆಳೆದು ಯುವರಾಜ ಊಲಾವ್ ಆದ. 1929ರಲ್ಲಿ ಮದುವೆಯಾದಾಗ ಇದನ್ನು ಕೊಂಡ. ಮರುವರ್ಷವೇ ಬೆಂಕಿ ಬಿತ್ತು, ಮತ್ತೆ ಕಟ್ಟಿಸಿದರು. ವೆಡೆಲ್ ತೀರಿಕೊಂಡದ್ದು 1942ರಲ್ಲಿ.

ಪ್ರಶ್ನೆ: ಆ ಒಪ್ಪಂದದಲ್ಲಿ ಭಾರತವೂ ಇದೆಯಂತೆ. ಸುಮ್ನೆ ಹೇಳ್ತಾರಾ?
(ರಾಯಚೂರಿನ ಓದುಗರು)

ಉತ್ತರ: ಇದೆ. ಆಗ ಬ್ರಿಟಿಷರ ಆಳ್ವಿಕೆಯಾದ್ದರಿಂದ ನಮ್ಮ ಪರವಾಗಿ ಅವರೇ ಸಹಿ ಹಾಕಿದ್ದರು. ಆ ಹಕ್ಕು ಈಗಲೂ ಇದೆ. ಆದರೆ ನಾವು ಅಲ್ಲಿಗೆ ಹೋದದ್ದು ಕಲ್ಲಿದ್ದಲಿಗಲ್ಲ, ಹವಾಮಾನ, ಹಿಮನದಿಗಳ ಅಧ್ಯಯನಕ್ಕೆ. 2008ರಲ್ಲಿ ನೈ-ಓಲೆಸುಂಡ್ ಎಂಬಲ್ಲಿ ಹಿಮಾದ್ರಿ ಕೇಂದ್ರ ಶುರುವಾಯಿತು. ಅದೂ ಹಿಂದೆ ಕಲ್ಲಿದ್ದಲು ಗಣಿಯ ಊರೇ. 1962ರಲ್ಲಿ ದೊಡ್ಡ ಗಣಿ ದುರಂತವಾದ ಮೇಲೆ ಅಲ್ಲಿ ಗಣಿಗಾರಿಕೆ ನಿಂತುಹೋಯಿತು.