ನಿಮ್ಮ ‘ಕಾಲು ಕಳೆದುಕೊಂಡವರು’ ಲೇಖನದ ಬಗ್ಗೆ

ನಮಸ್ಕಾರ,

ಬಡ ದೇಶಗಳ ಆಸ್ಪತ್ರೆಗಳಲ್ಲಿ ಕೈಕಾಲು ಕತ್ತರಿಸಬೇಕಾಗಿ ಬರುವುದರ ಬಗ್ಗೆ ನೀವು ಕಳಿಸಿದ ಲೇಖನ ಓದಿದೆ. ತುಂಬಾ ಓದಿಕೊಂಡು ಬರೆದಿದ್ದೀರಿ. ಆದರೂ ಈಗಿರುವ ಹಾಗೆ ಹಾಕಿಕೊಳ್ಳಲು ಆಗುವುದಿಲ್ಲ.

ಅಪಘಾತ, ಸಕ್ಕರೆ ಕಾಯಿಲೆ, ಗ್ಯಾಂಗ್ರೀನ್ (ಅಂಗದ ಮಾಂಸ ಸತ್ತು ಕೊಳೆಯುವುದು), ಮೂಳೆ ಕ್ಯಾನ್ಸರ್ ಅಂತ ಕಾರಣಗಳನ್ನು ಸಾಲಾಗಿ ಬರೆದು, ‘ಜನರ ಅಜ್ಞಾನವೇ ಇದಕ್ಕೆಲ್ಲ ಮೂಲ’ ಎಂದು ಮುಗಿಸಿದ್ದೀರಿ. ಈ ಮಾತನ್ನು ನಾನು ಒಪ್ಪುವುದಿಲ್ಲ. ಗ್ಯಾಂಗ್ರೀನ್ ಆಗುವ ಹೊತ್ತಿಗೆ ಎಲ್ಲಾ ಕೈಮೀರಿರುತ್ತದೆ. ಅದಕ್ಕೂ ಮುಂಚೆ ಏನೇನಾಯಿತು? ನನಗೆ ಬೇಕಿರುವುದು ಅದು.

ನಾಟಿ ವೈದ್ಯರ ಕಟ್ಟಿನಿಂದ ಕೈ ಕಳೆದುಕೊಂಡ ನೈಜೀರಿಯಾದ ಮಗುವಿನ ಉದಾಹರಣೆಯನ್ನು ಒಂದೇ ಸಾಲಿನಲ್ಲಿ ದಾಟಿಸಿಬಿಟ್ಟಿದ್ದೀರಿ. ಅಲ್ಲೇ ನಿಲ್ಲಿ. ಮುರಿದ ಮುಂಗೈಗೆ ನಾಟಿ ವೈದ್ಯರು ಬಿದಿರಿನ ದಬ್ಬೆ ಇಟ್ಟು ಬಿಗಿಯಾಗಿ ಕಟ್ಟುತ್ತಾರೆ. ಒಳಗೆ ಕೈ ಊದಿಕೊಳ್ಳುತ್ತದೆ, ಕಟ್ಟು ಮಾತ್ರ ಸಡಿಲವಾಗುವುದಿಲ್ಲ. ಮೊದಲು ತಡೆಯಲಾರದ ನೋವು. ಆಮೇಲೆ ಬೆರಳುಗಳು ಜೋಮು ಹಿಡಿದು ತಣ್ಣಗಾಗುತ್ತವೆ. ರಕ್ತ ಪೂರ್ತಿ ನಿಂತರೆ ಸ್ನಾಯು ತಡೆದುಕೊಳ್ಳುವುದು ಸುಮಾರು 6 ಗಂಟೆ, ಅಷ್ಟೇ. ಆ ಕಟ್ಟನ್ನು ಹೊತ್ತಿಗೆ ಸರಿಯಾಗಿ ಬಿಚ್ಚಿದ್ದರೆ ಕೈ ಉಳಿಯುವ ಸಾಧ್ಯತೆ ಇತ್ತು. ಆಸ್ಪತ್ರೆ ದೂರ, ಎಕ್ಸ್‌ರೇಗೆ ಕೈಯಿಂದಲೇ ದುಡ್ಡು ಕೊಡಬೇಕು, ನಾಟಿ ವೈದ್ಯರು ಊರಲ್ಲೇ ಸಿಗುತ್ತಾರೆ. ಇಂಥ ಕಡೆ ಅಪ್ಪ ಅಮ್ಮ ಅವರ ಹತ್ತಿರ ಹೋದರೆ ಅಜ್ಞಾನ ಅಂತ ಹೇಗೆ ಹೇಳುತ್ತೀರಿ?

ಸಕ್ಕರೆ ಕಾಯಿಲೆಯ ಭಾಗಕ್ಕೂ ಇದೇ ಮಾತು. ಪಾದದ ಸ್ಪರ್ಶ ಹೋಗಿ, ಚುಚ್ಚಿದ ಮೊಳೆಯೂ ಗೊತ್ತಾಗದ ಸ್ಥಿತಿಯಿಂದ ಶುರು ಮಾಡಿ. ಈ ಕಾಯಿಲೆಯಿಂದ ಕಾಲು ಹೋಗುವವರಲ್ಲಿ ಹೆಚ್ಚಿನವರಿಗೆ ಮೊದಲು ಆಗುವುದು ಪಾದದಲ್ಲಿ ಒಂದು ಹುಣ್ಣು.

ಇನ್ನು, ‘ಅಪಘಾತವೇ ಎಲ್ಲಕ್ಕಿಂತ ಜಾಸ್ತಿ’ ಎಂದಿದ್ದೀರಿ. ಯಾವ ಆಸ್ಪತ್ರೆಯ ಲೆಕ್ಕ? ಹೆದ್ದಾರಿ ಪಕ್ಕದ ಆಸ್ಪತ್ರೆಯ ಆಪರೇಷನ್ ರಿಜಿಸ್ಟರ್‌ನಲ್ಲಿ ಅಪಘಾತಗಳೇ ಕಾಣುತ್ತವೆ, ಅಲ್ವಾ? ಕತ್ತರಿಸಲು ಒಪ್ಪದೆ ಮನೆಗೆ ಹೋಗಿ ತೀರಿಕೊಂಡವರು ಆ ರಿಜಿಸ್ಟರ್‌ನಲ್ಲಿ ಇರುವುದೇ ಇಲ್ಲ. ಒಂದು ಆಸ್ಪತ್ರೆಯ ಲೆಕ್ಕವನ್ನು ಇಡೀ ದೇಶದ ಲೆಕ್ಕ ಎಂದು ಬರೆಯಬೇಡಿ.

‘ಕರುಣಾಜನಕ’, ‘ಹೃದಯವಿದ್ರಾವಕ’ ಎಲ್ಲಾ ತೆಗೆಯಿರಿ. ಬದಲಿಗೆ ಮಂಡಿ ಉಳಿಯಿತೇ ಇಲ್ಲವೇ ಎಂದು ಹೇಳಿ. ಮಂಡಿ ಉಳಿದರೆ ಕೃತಕ ಕಾಲು ಹಾಕಿಕೊಂಡು ನಡೆಯುವುದು ಎಷ್ಟೋ ಸುಲಭ. ಮಂಡಿಯ ಮೇಲೆ ಕತ್ತರಿಸಿದರೆ ಪ್ರತಿ ಹೆಜ್ಜೆಗೂ ಶ್ರಮ ಜಾಸ್ತಿ.

ತಿದ್ದಿ ಮತ್ತೆ ನನಗೇ ಕಳಿಸಿ. ಖಂಡಿತ ಓದುತ್ತೇನೆ.