ಮಜ್ಜಿಗೆ ಹುಳಿ ಒಡೆಯದ ಹಾಗೆ ಮಾಡೋದು ಹೇಗೆ?

ಮಜ್ಜಿಗೆ ಹುಳಿ ಮಾಡಿದಾಗಲೆಲ್ಲ ನೀರು ಒಂದು ಕಡೆ, ಚೂರು ಚೂರು ಮೊಸರು ಇನ್ನೊಂದು ಕಡೆ ಆಗುತ್ತದೆ, ಮದುವೆ ಮನೆ ರುಚಿಯಂತೂ ಬರುವುದೇ ಇಲ್ಲ ಅಂತ ಕೇಳಿದ್ದೀರಿ. ಸಾಮಾನ್ಯವಾಗಿ ಕಾರಣ ಎರಡೇ. ಮೊಸರು ಹಾಕಿದ ಮೇಲೆ ಕೊತಕೊತ ಕುದಿಸಿರುತ್ತೀರಿ, ಇಲ್ಲಾ ಮಸಾಲೆಯಲ್ಲಿ ಕಡಲೆಬೇಳೆ ಕಡಿಮೆ ಇರುತ್ತದೆ. ಹುಳಿ ಮೊಸರಿಗೆ ಬಿಸಿ ಜಾಸ್ತಿಯಾದರೆ ಅದರ ಪ್ರೋಟೀನ್ ಗಂಟು ಕಟ್ಟಿ ನೀರು ಬಿಡುತ್ತದೆ. ನೆನೆಸಿ ರುಬ್ಬಿದ ಕಡಲೆಬೇಳೆಯ ಗಂಜಿ ಅದನ್ನು ತಡೆಯುತ್ತದೆ. ಬೇಳೆ ಹಾಕುವುದು ಬರೀ ಗಟ್ಟಿ ಬರಲಿ ಅಂತ ಅಲ್ಲ.

ನಾನು ಮಾಡುವುದು ಮೈಸೂರು ಕಡೆಯ ರೀತಿ. ಅರ್ಧ ಕೆಜಿ ಬೂದುಗುಂಬಳಕ್ಕೆ ಎರಡು ದೊಡ್ಡ ಚಮಚ ಕಡಲೆಬೇಳೆ ಒಂದು ಗಂಟೆ ನೆನೆಸಿಡಿ. ಅದರ ಜೊತೆ ಒಂದು ಬಟ್ಟಲು ತೆಂಗಿನತುರಿ, ನಾಲ್ಕೈದು ಹಸಿಮೆಣಸಿನಕಾಯಿ, ಒಂದಿಂಚು ಶುಂಠಿ, ಒಂದು ಚಮಚ ಧನಿಯಾ, ಅರ್ಧ ಚಮಚ ಜೀರಿಗೆ, ಒಂದು ಹಿಡಿ ಕೊತ್ತಂಬರಿ ಸೊಪ್ಪು. ಯಾವುದನ್ನೂ ಹುರಿಯಬೇಡಿ. ನುಣ್ಣಗೆ ರುಬ್ಬಬೇಕು, ಬೆರಳಿಗೆ ಬೇಳೆ ತರಿತರಿಯಾಗಿ ಸಿಗಬಾರದು. ಫ್ರೀಜರಿನ ತೆಂಗಿನತುರಿ ಆದರೆ ಮೊದಲು ಬಿಸಿ ನೀರಿನಲ್ಲಿ ಬಿಟ್ಟು ತಣುಪು ಕಳೆಯಿರಿ, ಇಲ್ಲದಿದ್ದರೆ ಮಿಕ್ಸಿಯಲ್ಲಿ ಜಿಡ್ಡು ಬೇರೆಯಾಗಿ ಗೋಡೆಗೆ ಮೆತ್ತಿಕೊಳ್ಳುತ್ತದೆ.

ಹೋಳುಗಳನ್ನು ಉಪ್ಪು ಹಾಕಿ, ಮುಕ್ಕಾಲು ಬಟ್ಟಲು ನೀರಿನಲ್ಲಿ ಮಾತ್ರ ಬೇಯಿಸಿ. ಬೂದುಗುಂಬಳವೇ ಬೇಕಾದಷ್ಟು ನೀರು ಬಿಡುತ್ತದೆ, ಕುಕ್ಕರ್ ಏನೂ ಬೇಡ. ಸೀಮೆಬದನೆಕಾಯಿಯೂ ಚೆನ್ನಾಗಿರುತ್ತದೆ. ಬೆಂಡೆಕಾಯಿ ಆದರೆ ಎಣ್ಣೆಯಲ್ಲಿ ಲೋಳೆ ಹೋಗುವ ತನಕ ಬಾಡಿಸಿ ಕೊನೆಗೆ ಹಾಕಿ. ಹೋಳು ಬೆಂದ ಮೇಲೆ ರುಬ್ಬಿದ್ದನ್ನು ಹಾಕಿ ಐದಾರು ನಿಮಿಷ ಚೆನ್ನಾಗಿ ಕುದಿಸಿ. ಕುದಿಸುವುದೆಲ್ಲ ಇಲ್ಲೇ ಮುಗಿಯಬೇಕು, ಹಸಿ ಬೇಳೆಯ ವಾಸನೆ ಇನ್ನೂ ಇದ್ದರೆ ಇನ್ನೆರಡು ನಿಮಿಷ ಬಿಡಿ, ಯಾಕೆಂದರೆ ಮೊಸರು ಬಿದ್ದ ಮೇಲೆ ಅದನ್ನು ಬೇಯಿಸಲು ಅವಕಾಶವೇ ಇಲ್ಲ.

ಈಗ ಉರಿ ಪೂರ್ತಿ ಸಣ್ಣ ಮಾಡಿ. ಒಂದೂವರೆ ಬಟ್ಟಲು ಹುಳಿ ಮೊಸರನ್ನು ಗಂಟಿಲ್ಲದ ಹಾಗೆ ಕಡೆದಿಟ್ಟುಕೊಂಡಿರಬೇಕು, ಫ್ರಿಜ್ಜಿನಿಂದ ತೆಗೆದು ನೇರ ಸುರಿಯಬೇಡಿ. ಮೊಸರು ಹಾಕಿ ನಿಧಾನಕ್ಕೆ ಕೈಯಾಡಿಸುತ್ತಾ ಪಾತ್ರೆಯ ಅಂಚನ್ನೇ ನೋಡ್ತಾ ಇರಿ. ಮೊದಲು ಹಬೆ ಬರುತ್ತದೆ, ಆಮೇಲೆ ಅಂಚಿನ ಸುತ್ತ ಸಣ್ಣ ನೊರೆ ಕಟ್ಟಿ ಮೇಲೇಳಲು ನೋಡುತ್ತದೆ. ಅಷ್ಟೇ, ಆರಿಸಿಬಿಡಿ. ನಡುವೆ ಗುಳ್ಳೆ ಬರುವ ತನಕ ಕಾದರೆ ತಡವಾಯಿತು. ಮುಚ್ಚಳವನ್ನೂ ತಕ್ಷಣ ಮುಚ್ಚಬೇಡಿ.

ರುಚಿ ಬರದೇ ಇರುವುದಕ್ಕೆ ಮುಕ್ಕಾಲು ಪಾಲು ಕಾರಣ ಸಪ್ಪೆ ಮೊಸರು. ಹೊರಗೆ ಒಂದು ರಾತ್ರಿ ಇಟ್ಟು ಹುಳಿ ಬರಿಸಿ. ಕೆನೆ ತೆಗೆದ ಹಾಲಿನ ಮೊಸರು ಬೇಡ, ಅದು ಬೇಗ ಒಡೆಯುತ್ತದೆ. ವಿದೇಶದಲ್ಲಿದ್ದು ಗ್ರೀಕ್ ಯೋಗರ್ಟ್ ಮಾತ್ರ ಸಿಗುತ್ತದೆ ಅನ್ನುವವರು ಸ್ವಲ್ಪ ನೀರು ಸೇರಿಸಿ ಕಡೆಯಿರಿ. ಹುಳಿ ಸಾಲದು ಅಂತ ಹುಣಸೆಹಣ್ಣು ಮಾತ್ರ ಹಾಕಬೇಡಿ, ಅದು ಬೇರೆಯೇ ಅಡುಗೆ ಆಗಿಬಿಡುತ್ತದೆ.

ಒಗ್ಗರಣೆಗೆ ಸಾಸಿವೆ, ಇಂಗು, ಒಣಮೆಣಸಿನಕಾಯಿ, ಕರಿಬೇವು. ನನಗೆ ತುಪ್ಪಕ್ಕಿಂತ ಕೊಬ್ಬರಿ ಎಣ್ಣೆಯೇ ಇಷ್ಟ. ಕರಾವಳಿಯಲ್ಲಿ ಬೇಳೆಯಿಲ್ಲದೆ ಬರೀ ತೆಂಗಿನಕಾಯಿ ರುಬ್ಬಿ ಮಾಡುವ ಮನೆಗಳೂ ಇವೆ, ಆದರೆ ಕೈ ಪಳಗುವ ತನಕ ನೀವು ಬೇಳೆ ಬಿಡಬೇಡಿ.

ಉಳಿದದ್ದನ್ನು ಮರುದಿನ ಬಿಸಿ ಮಾಡುವಾಗಲೂ ಇದೇ ಎಚ್ಚರ ಬೇಕು. ಬಿಸಿ ನೀರಿರುವ ಅಗಲ ಪಾತ್ರೆಯೊಳಗೆ ಹುಳಿಯ ಪಾತ್ರೆ ಇಟ್ಟರೆ ಸಾಕು. ಬಿಸಿ ಅನ್ನಕ್ಕೆ ಹಾಕಿಕೊಳ್ಳುವುದಾದರೆ ಅದೂ ಬೇಡ, ಸುಮ್ನೆ ಫ್ರಿಜ್ಜಿನಿಂದ ಮುಂಚೆಯೇ ತೆಗೆದಿಟ್ಟು, ಜೊತೆಗೆ ನಾಲ್ಕು ಬಾಳಕದ ಮೆಣಸಿನಕಾಯಿ ಕರಿದುಕೊಳ್ಳಿ.