ಯಾರ ಕರ್ಮವನ್ನು ಯಾರು ಲೆಕ್ಕ ಹಾಕೋದು?

ನಿಮ್ಮ ಪತ್ರ ಬಂದು ಮೂರು ವಾರ ಆಯಿತು. ಉತ್ತರ ತಡವಾಯಿತು, ಬೇಜಾರು ಮಾಡಿಕೊಳ್ಳಬೇಡಿ. ಹೆಸರು, ಊರು ಹಾಕಬೇಡಿ ಎಂದಿದ್ದೀರಿ, ಹಾಕಿಲ್ಲ.

ಪತ್ರ ನೋಡದವರಿಗೆ ವಿಷಯ ಇಷ್ಟು. ಇವರ ಮಗನಿಗೆ ಈಗ 3 ವರ್ಷ. ಹುಟ್ಟಿದ ಕೆಲವೇ ದಿನಕ್ಕೆ ಕಾಮಾಲೆ ವಿಪರೀತ ಏರಿ ಕಿವಿ ಹೋಯಿತು. ಮೈಸೂರಿನ ವಾಕ್ ಶ್ರವಣ ಸಂಸ್ಥೆಗೆ ಕರೆದುಕೊಂಡು ಹೋಗುತ್ತಿದ್ದಾರೆ, ಕಿವಿಗೆ ಮಿಷನ್ ಹಾಕಿಸಿದ್ದಾರೆ. ಮೊನ್ನೆ ಒಂದು ಮದುವೆಯಲ್ಲಿ ಊಟಕ್ಕೆ ಕೂತಾಗ ಯಜಮಾನರ ದೊಡ್ಡಮ್ಮ ಆ ಮಿಷನ್ ನೋಡಿ, "ಯಾವ ಜನ್ಮದ ಕರ್ಮವೋ ಏನೋ, ಪಾಪ" ಅಂದರಂತೆ. ಇವರು ಅರ್ಧ ಎಲೆಗೇ ಎದ್ದು ಬಂದರಂತೆ. "ಎಲ್ಲ ಧರ್ಮದವರೂ ಹೀಗೇ ಹೇಳ್ತಾರಾ ಸಾರ್? ಮುಂದಿನ ಸಲ ನಾನೇನು ಹೇಳಲಿ?" ಅಂತ ಕೇಳಿದ್ದಾರೆ.

ಮೊದಲು ಈ ಪದದ ಪಾಡು ನೋಡಿ. ಹಾಲು ಉಕ್ಕಿದರೆ "ನನ್ನ ಕರ್ಮ", ಬಸ್ಸು ತಪ್ಪಿದರೆ "ಏನ್ ಕರ್ಮ ಮಾರಾಯಾ". ಸತ್ತವರಿಗೆ ಮಾಡೋದೂ ಕರ್ಮ, ವ್ಯಾಕರಣದ ಮೇಷ್ಟ್ರಿಗೆ ಕರ್ಮಪದ, ಟೀವಿಯವರಿಗೆ ಯಾರೋ ದುಡ್ಡು ನುಂಗಿದರೆ "ಕರ್ಮಕಾಂಡ". ಅದು ವೇದದ ಒಂದು ಭಾಗದ ಹೆಸರು ಅನ್ನೋದೇ ಮರೆತು ಹೋಗಿದೆ. ಇಷ್ಟು ಸವೆದ ಪದವನ್ನು ದೊಡ್ಡಮ್ಮ ಯೋಚನೆ ಮಾಡಿಯೇ ಆಡಿದರು ಅಂತ ನನಗೆ ಅನ್ನಿಸೋದಿಲ್ಲ. ಆದರೆ ನಿಮಗೆ ಚುಚ್ಚಿದ್ದು ನಿಜ ತಾನೆ?

ಈ ಮಾತು ಹಳೇ ಕಾಲದಲ್ಲಿ ಹೇಗೆ ಶುರುವಾಯಿತು ನೋಡಿ. ಬೃಹದಾರಣ್ಯಕ ಉಪನಿಷತ್ತಿನಲ್ಲಿ ಜನಕನ ಸಭೆ ತುಂಬಿದೆ. ಆರ್ತಭಾಗ ಎನ್ನುವವನು ಯಾಜ್ಞವಲ್ಕ್ಯನನ್ನು ಕೇಳುತ್ತಾನೆ: ಸತ್ತವನ ಮಾತು ಬೆಂಕಿಗೆ ಸೇರಿತು, ಉಸಿರು ಗಾಳಿಗೆ ಸೇರಿತು, ಕಣ್ಣು ಸೂರ್ಯನಿಗೆ ಸೇರಿತು, ಹಾಗಾದರೆ ಅವನೆಲ್ಲಿ ಉಳಿದ? ಯಾಜ್ಞವಲ್ಕ್ಯ ಅಲ್ಲೇ ಉತ್ತರ ಕೊಡಲಿಲ್ಲ. ಕೈ ಹಿಡಿ, ಇದು ಜನರ ಮಧ್ಯೆ ಆಡುವ ಮಾತಲ್ಲ ಅಂದ. ಇಬ್ಬರೂ ಎದ್ದು ಆಚೆ ಹೋಗಿ ಮಾತಾಡಿದರು. ಅವರು ಆಡಿದ್ದು ಕರ್ಮದ ಬಗ್ಗೆ, ಒಳ್ಳೆಯದರಿಂದ ಒಳ್ಳೆಯವನಾಗುತ್ತಾನೆ, ಕೆಟ್ಟದ್ದರಿಂದ ಕೆಟ್ಟವನಾಗುತ್ತಾನೆ ಅಂತ. ಅಷ್ಟು ದೊಡ್ಡ ಪಂಡಿತ ಸಭೆಯಿಂದ ಎದ್ದು ಹೋಗಿ ಪಿಸುಗುಟ್ಟಿದ ವಿಷಯ ಇವತ್ತು ಹಪ್ಪಳ ಬಡಿಸುವ ಹೊತ್ತಿಗೆ ಬಾಯಿಗೆ ಬರುತ್ತಿದೆ.

ನಿಮಗೆ ಸಮಾಧಾನ ಆಗಲಿ ಅಂತ ಸುಮ್ನೆ ಸುಳ್ಳು ಹೇಳೋಕೆ ನನಗೆ ಇಷ್ಟವಿಲ್ಲ. ದೊಡ್ಡಮ್ಮನ ಮಾತಿಗೆ ಪುಸ್ತಕದ ಬೆಂಬಲ ಇದೆ. ಮನುಸ್ಮೃತಿಯ 11ನೇ ಅಧ್ಯಾಯದಲ್ಲಿ ಚಿನ್ನ ಕದ್ದವನ ಉಗುರು ಕೆಡುತ್ತದೆ, ಸುರೆ ಕುಡಿದವನ ಹಲ್ಲು ಕಪ್ಪಾಗುತ್ತದೆ ಅಂತ ಒಂದು ಪಟ್ಟಿಯೇ ಇದೆ, ಅದರ ಕೊನೆಯಲ್ಲಿ ಮೂಕರು, ಕುರುಡರ ಜೊತೆ ಕಿವುಡರನ್ನೂ ಸೇರಿಸಿದ್ದಾರೆ. ರೋಗಿಷ್ಠನಾಗಿ ಹುಟ್ಟೋದು ಹಿಂದೆ ಪ್ರಾಣಿಗಳನ್ನು ಹಿಂಸಿಸಿದ್ದರಿಂದ ಎನ್ನುವ ಸುತ್ತ, ಅಂದರೆ ಬುದ್ಧನ ಉಪದೇಶ, ಬೌದ್ಧರಲ್ಲೂ ಇದೆ. ಛಾಂದೋಗ್ಯ ಉಪನಿಷತ್ತಂತೂ ಕೆಟ್ಟ ನಡತೆಯವರು ನಾಯಿಯಾಗಿ, ಹಂದಿಯಾಗಿ, ಚಂಡಾಲರಾಗಿ ಹುಟ್ಟುತ್ತಾರೆ ಅನ್ನುತ್ತದೆ. ಒಬ್ಬ ಮನುಷ್ಯನನ್ನು ನಾಯಿ, ಹಂದಿ ಪಕ್ಕ ಕೂರಿಸಿ, ಅವನು ಹುಟ್ಟಿದ್ದೇ ಅವನ ತಪ್ಪು ಅಂದುಬಿಟ್ಟರೆ, ಅವನನ್ನು ಕೇರಿಯಲ್ಲಿ ಇಟ್ಟವರು ರಾತ್ರಿ ನೆಮ್ಮದಿಯಾಗಿ ನಿದ್ದೆ ಮಾಡಬಹುದು ಅಲ್ವಾ. ಕರ್ಮದ ಮಾತಿನಲ್ಲಿ ನನಗೆ ಜಾಸ್ತಿ ಸಿಟ್ಟು ಬರೋದು ಇಲ್ಲಿ.

ಆದರೆ ನಿಮ್ಮದೇ ಪ್ರಶ್ನೆಯನ್ನು ಎರಡು ಕಡೆ ನೇರವಾಗಿ ಕೇಳಿದ್ದಾರೆ, ಎರಡೂ ಕಡೆ ಹಾಗಲ್ಲ ಎಂಬ ಉತ್ತರ ಬಂದಿದೆ.

ಒಂದು ರಾಜಗೃಹ ಎಂಬ ಊರಿನಲ್ಲಿ. ಸೀವಕ ಎನ್ನುವ ಪರಿವ್ರಾಜಕ, ಅಂದರೆ ಊರೂರು ಅಲೆಯುವ ಸನ್ಯಾಸಿ, ಬುದ್ಧನ ಹತ್ತಿರ ಬಂದು, ನಾವು ಪಡುವ ಸುಖ ದುಃಖವೆಲ್ಲ ಹಿಂದೆ ಮಾಡಿದ್ದರ ಫಲ ಅಂತ ಕೆಲವರು ಹೇಳುತ್ತಾರೆ, ನೀವೇನಂತೀರಿ ಎಂದ. ಬುದ್ಧ 8 ಕಾರಣ ಹೇಳಿದ. ಪಿತ್ತ, ಕಫ, ವಾತ, ಈ ಮೂರೂ ಸೇರಿದ್ದು, ಹವಾಮಾನ, ಮೈಮೇಲೆ ಎಚ್ಚರವಿಲ್ಲದ್ದು, ಯಾರೋ ಹೊಡೆದದ್ದು, ಕೊನೆಗೆ ಕರ್ಮ. ಎಲ್ಲವೂ ಕರ್ಮದಿಂದಲೇ ಎನ್ನುವವರು ಕಣ್ಣಿಗೆ ಕಾಣುವುದನ್ನೂ ಲೋಕ ಒಪ್ಪಿದ್ದನ್ನೂ ಮೀರಿ ಮಾತಾಡುತ್ತಿದ್ದಾರೆ, ಅದು ತಪ್ಪು ಅಂತಲೂ ಹೇಳಿದ. ಪಟ್ಟಿಯಲ್ಲಿ ಮೊದಲು ಬಂದದ್ದು ಪಿತ್ತ, ಗಮನಿಸಿದಿರಾ? ನಿಮ್ಮ ಮಗನ ಕಾಮಾಲೆಯನ್ನು ಹಳೇ ವೈದ್ಯರು ಪಿತ್ತದ ಲೆಕ್ಕಕ್ಕೇ ಹಾಕುತ್ತಿದ್ದರು.

ಇನ್ನೊಂದು ಬೈಬಲ್ಲಿನಲ್ಲಿ, ಯೋಹಾನನ ಸುವಾರ್ತೆಯ 9ನೇ ಅಧ್ಯಾಯ. ದಾರಿಯಲ್ಲಿ ಹುಟ್ಟುಕುರುಡನೊಬ್ಬ ಇದ್ದ. ಪಾಪ ಮಾಡಿದ್ದು ಇವನೋ, ಇವನ ಅಪ್ಪ ಅಮ್ಮನೋ ಅಂತ ಶಿಷ್ಯರು ಕೇಳಿದರು. ಇವನೂ ಅಲ್ಲ, ಅವರೂ ಅಲ್ಲ ಎಂದ ಯೇಸು. ಬಿತ್ತಿದ್ದನ್ನೇ ಕೊಯ್ಯುತ್ತೀರಿ ಎನ್ನುವ ಮಾತು ಅದೇ ಬೈಬಲ್ಲಿನಲ್ಲಿ ಬೇರೆ ಕಡೆ ಇದೆ, ಆದರೆ ಅದನ್ನು ಹಿಡಿದು ಆ ಕುರುಡನ ಲೆಕ್ಕ ತೆಗೆಯಲು ಯೇಸು ಬಿಡಲಿಲ್ಲ.

ಮುಸ್ಲಿಮರಲ್ಲಿ ಹಿಂದಿನ ಜನ್ಮವೇ ಇಲ್ಲ, ಹಾಗಾಗಿ ಈ ಮಾತು ಏಳುವುದಿಲ್ಲ. ಮಾಡಿದ್ದನ್ನೆಲ್ಲ ದೇವದೂತರು ಬರೆದಿಡುತ್ತಾರೆ, ಕೊನೆಯ ದಿನ ತಕ್ಕಡಿ ಹಿಡಿಯುವವನು ಅಲ್ಲಾಹ್. ನಮ್ಮ ಉತ್ತರ ಕರ್ನಾಟಕದಲ್ಲಿ ಹಿಂದೂಗಳೂ "ನಸೀಬ ನೋಡ್ರಿ" ಅಂತಾರಲ್ಲ, ಆ ಪದ ಆ ಕಡೆಯಿಂದ ಬಂದದ್ದು. ಸಿಖ್ಖರು ಎರಡನ್ನೂ ಇಟ್ಟುಕೊಂಡರು: ಕರ್ಮದಿಂದ ಈ ಮೈ ಎಂಬ ಬಟ್ಟೆ ಸಿಗುತ್ತದೆ, ಮೋಕ್ಷದ ಬಾಗಿಲು ತೆರೆಯೋದು ದೇವರ ದಯೆಯಿಂದ ಎನ್ನುತ್ತಾರೆ ಗುರು ನಾನಕರು.

ಇನ್ನು ನೀವು ಏನು ಹೇಳಬೇಕು ಅನ್ನೋದು. ಅದಕ್ಕೆ ಶ್ರವಣಬೆಳಗೊಳದ ಕಡೆ ಬರಬೇಕು. ಕರ್ಮದ ಲೆಕ್ಕವನ್ನು ಜೈನರಷ್ಟು ಕೂತು ಬರೆದವರು ಯಾರೂ ಇಲ್ಲ. ಗೊಮ್ಮಟನನ್ನು ನಿಲ್ಲಿಸಿದ ಚಾವುಂಡರಾಯನಿಗಾಗಿ ನೇಮಿಚಂದ್ರರು ಬರೆದ ಗ್ರಂಥದ ಅರ್ಧ ಭಾಗದ ಹೆಸರೇ ಕರ್ಮಕಾಂಡ (ಟೀವಿಯವರದ್ದಲ್ಲ). ಜೈನರ ಪ್ರಕಾರ ಕರ್ಮ ಒಂದು ವಸ್ತು. ಎಣ್ಣೆ ಕೈಗೆ ಧೂಳು ಮೆತ್ತುವಂತೆ ಜೀವಕ್ಕೆ ಮೆತ್ತುತ್ತದೆ. ಅದರಲ್ಲಿ 8 ಬಗೆ, ಒಳಗೆ ಮತ್ತೆ 148 ಕವಲು. ನಮಗೆ ಬೇಕಾದದ್ದು ಒಂದೇ, ಅಸಾತಾ ವೇದನೀಯ, ಅಂದರೆ ಮುಂದೆ ನೋವು ಉಣ್ಣಿಸುವ ಕರ್ಮ. ಅದು ಹೇಗೆ ಮೆತ್ತುತ್ತದೆ ಅಂತ ಜೈನರ ಹಳೇ ಗ್ರಂಥ ತತ್ತ್ವಾರ್ಥ ಸೂತ್ರದ 6ನೇ ಅಧ್ಯಾಯ ಬಿಡಿಸಿ ಹೇಳುತ್ತದೆ: ತನಗಾಗಲಿ ಇನ್ನೊಬ್ಬರಿಗಾಗಲಿ ದುಃಖ ಕೊಟ್ಟರೆ, ಸಂಕಟಪಡಿಸಿದರೆ, ಅಳಿಸಿದರೆ.

ಊಟಕ್ಕೆ ಕೂತ ತಾಯಿಯನ್ನು ಅಳಿಸಿ ಎಬ್ಬಿಸಿದರೆ ಅದು ಯಾರ ಖಾತೆಗೆ ಹೋಯಿತು ಅಂತ ದೊಡ್ಡಮ್ಮನನ್ನೇ ನಗುನಗುತ್ತಾ ಕೇಳಿ. ಆಮೇಲೆ ಅವರ ಪಕ್ಕದಲ್ಲೇ ಕೂತು ಪಾಯಸದವರೆಗೂ ಊಟ ಮಾಡಿ, ಮಗನಿಗೂ ಬಡಿಸಿ.